ಟೆಕ್ಸಸ್ ಶೈಲಿಯ ಬೀಫ್ ಚಿಲಿ: ಮೆಣಸಿನಕಾಯಿ ಹುರಿಯುವುದರಿಂದ ಹದ ನೋಡುವವರೆಗೆ

ಟೆಕ್ಸಸ್‌ನಲ್ಲಿ ಚಿಲಿ ಎಂದರೆ ದನದ ಮಾಂಸದ ತುಂಡುಗಳನ್ನು ಒಣಮೆಣಸಿನಕಾಯಿಯ ದಟ್ಟ ಮಸಾಲೆಯಲ್ಲಿ ಎರಡು ಮೂರು ಗಂಟೆ ಬೇಯಿಸಿದ ಪದಾರ್ಥ. ಟೊಮೆಟೊ ಹಾಕಿದರೂ ಹೆಸರಿಗಷ್ಟೇ, ಕಾಳು ಹಾಕುವುದಿಲ್ಲ. 19ನೇ ಶತಮಾನದ ಕೊನೆಯ ದಶಕಗಳಲ್ಲಿ ಸ್ಯಾನ್ ಆಂಟೋನಿಯೊ ನಗರದ ಚೌಕಗಳಲ್ಲಿ ಮೆಕ್ಸಿಕನ್ ಮೂಲದ ಹೆಂಗಸರು ಸಂಜೆಯಾದೊಡನೆ ಒಲೆ ಹೂಡಿ ಇದನ್ನು ಮಾರುತ್ತಿದ್ದರು. ‘ಚಿಲಿ ಕ್ವೀನ್ಸ್’ ಎಂದೇ ಅವರು ಹೆಸರಾಗಿದ್ದರು. 1893ರ ಶಿಕಾಗೊ ವಿಶ್ವ ಪ್ರದರ್ಶನದಲ್ಲಿ ಸ್ಯಾನ್ ಆಂಟೋನಿಯೊ ಚಿಲಿಯ ಮಳಿಗೆಯೇ ಇತ್ತು. 1977ರಲ್ಲಿ ಟೆಕ್ಸಸ್ ಇದನ್ನು ತನ್ನ ರಾಜ್ಯದ ಅಧಿಕೃತ ಖಾದ್ಯವೆಂದು ಘೋಷಿಸಿತು. ಡಲ್ಲಾಸ್, ಹ್ಯೂಸ್ಟನ್, ಆಸ್ಟಿನ್ ಕಡೆ ನೆಲೆಸಿರುವ ಕನ್ನಡಿಗರಿಗೆ ಚಳಿಗಾಲದ ಆಫೀಸು ಊಟಗಳಲ್ಲಿ ಇದು ಪರಿಚಿತವೇ. ಆದರೆ ಅಲ್ಲಿ ಸಿಗುವುದು ಬಹುಮಟ್ಟಿಗೆ ಖೀಮಾ, ರಾಜ್ಮಾ, ಟೊಮೆಟೊ ಸೇರಿಸಿದ ಬಗೆ. ಮೂಲದ ರೀತಿಯಲ್ಲಿ ಮನೆಯಲ್ಲೇ ಮಾಡುವುದು ಹೇಗೆಂದು ಇಲ್ಲಿ ನೋಡೋಣ.

ಒಂದು ವಿಷಯ ಮೊದಲೇ ಹೇಳಬೇಕು. ಈ ಅಡುಗೆಯಲ್ಲಿ ಒಣಮೆಣಸಿನಕಾಯಿ ಇರುವುದು ಖಾರಕ್ಕೆ ಮಾತ್ರವಲ್ಲ. ಗ್ರೇವಿಯ ಮೈ, ಬಣ್ಣ, ಸಿಹಿ, ಹೊಗೆಯ ಘಮ ಎಲ್ಲವೂ ಅದರಿಂದಲೇ ಬರಬೇಕು. ಹಾಗಾಗಿ ಡಬ್ಬಿಯಿಂದ ಪುಡಿ ಸುರಿದರೆ ನಡೆಯುವುದಿಲ್ಲ, ಇಡೀ ಕಾಯಿಯನ್ನು ಹುರಿದು, ನೆನೆಸಿ, ಅರೆಯಬೇಕು. ಮಸಾಲೆ ಅರೆದು ಅಭ್ಯಾಸವಿರುವ ನಮ್ಮವರಿಗೆ ಇದು ಕಷ್ಟವೇ ಅಲ್ಲ.

ಅಮೆರಿಕದ ಅಂಗಡಿಗಳಲ್ಲಿ ‘ಚಿಲಿ ಪೌಡರ್’ ಎಂದು ಮಾರುವುದು ನಮ್ಮ ಖಾರದ ಪುಡಿಯಲ್ಲ ಎಂಬುದೂ ನೆನಪಿರಲಿ. ಅದು ಕಡಿಮೆ ಖಾರದ ಮೆಣಸಿನಕಾಯಿಯ ಜೊತೆ ಜೀರಿಗೆ, ಬೆಳ್ಳುಳ್ಳಿ, ಒರೆಗಾನೊ ಬೆರೆಸಿದ ಮಸಾಲೆ ಪುಡಿ. ಟೆಕ್ಸಸ್‌ನ ನ್ಯೂ ಬ್ರಾನ್‌ಫೆಲ್ಸ್ ಊರಿನಲ್ಲಿದ್ದ ಜರ್ಮನ್ ವಲಸಿಗ ವಿಲಿಯಂ ಗೆಬ್‌ಹಾರ್ಟ್ 1890ರ ದಶಕದಲ್ಲಿ ಇಂಥ ಪುಡಿಯನ್ನು ವ್ಯಾಪಾರಕ್ಕೆ ತಂದರು. ಅಮೆರಿಕದ ಪಾಕವಿಧಾನದಲ್ಲಿ ‘ಕಾಲು ಕಪ್ ಚಿಲಿ ಪೌಡರ್’ ಎಂದಿರುವಲ್ಲಿ ಗುಂಟೂರು ಖಾರದ ಪುಡಿ ಹಾಕಿದರೆ ಆ ಪಾತ್ರೆಯನ್ನು ಯಾರೂ ಮುಟ್ಟಲಾರರು.

ಬೇಕಾಗುವ ಸಾಮಗ್ರಿ (6 ಜನರಿಗೆ)

- ಚಕ್ ರೋಸ್ಟ್, ಅಂದರೆ ಹೆಗಲಿನ ಭಾಗದ ಮಾಂಸ: 1.25 ಕೆ.ಜಿ.
- ಆಂಚೊ ಒಣಮೆಣಸಿನಕಾಯಿ: 4 (ಸುಮಾರು 60 ಗ್ರಾಂ)
- ಗ್ವಹೀಯೊ ಒಣಮೆಣಸಿನಕಾಯಿ: 4 (ಸುಮಾರು 25 ಗ್ರಾಂ)
- ಅರ್ಬೋಲ್ ಒಣಮೆಣಸಿನಕಾಯಿ: 2 ಅಥವಾ 3, ಖಾರಕ್ಕೆ
- ಈರುಳ್ಳಿ: ಮಧ್ಯಮ ಗಾತ್ರದ 2
- ಬೆಳ್ಳುಳ್ಳಿ: 6 ಎಸಳು
- ಜೀರಿಗೆ: 1 ದೊಡ್ಡ ಚಮಚ, ಹುರಿದು ಪುಡಿ ಮಾಡಿದ್ದು
- ಮೆಕ್ಸಿಕನ್ ಒರೆಗಾನೊ: ಒಂದೂವರೆ ಟೀ ಚಮಚ
- ಉಪ್ಪು: ಮೊದಲಿಗೆ 2 ಟೀ ಚಮಚ, ಕೊನೆಗೆ ರುಚಿಗೆ ತಕ್ಕಷ್ಟು
- ಬೀಫ್ ಸ್ಟಾಕ್ (ಮಾಂಸ, ಮೂಳೆ ಬೇಯಿಸಿ ಸೋಸಿದ ರಸ) ಅಥವಾ ನೀರು: 3 ಕಪ್
- ಮಾಸಾ ಹರೀನಾ (ಒಂದು ಬಗೆಯ ಮೆಕ್ಕೆಜೋಳದ ಹಿಟ್ಟು, 9ನೇ ಹಂತ ನೋಡಿ): 2 ದೊಡ್ಡ ಚಮಚ
- ನಿಂಬೆರಸ ಅಥವಾ ವಿನೆಗರ್: 1 ದೊಡ್ಡ ಚಮಚ
- ಬೆಲ್ಲ ಅಥವಾ ಕಂದು ಸಕ್ಕರೆ: 1ರಿಂದ 2 ಟೀ ಚಮಚ
- ಎಣ್ಣೆ: 3 ದೊಡ್ಡ ಚಮಚ

ಮಾಂಸ ಆರಿಸುವುದು

ಮಾಂಸ ಕೊಳ್ಳುವಲ್ಲೇ ಅರ್ಧ ಕೆಲಸ ತೀರ್ಮಾನವಾಗುತ್ತದೆ. ಹೆಚ್ಚು ಬೆಲೆಯ ಮೆದು ತುಂಡು ಇಲ್ಲಿಗೆ ಬೇಡ. ಹೆಗಲು, ಎದೆಯ ಬ್ರಿಸ್ಕೆಟ್, ಕಾಲಿನ ಶ್ಯಾಂಕ್ ಇವೆಲ್ಲ ಪ್ರಾಣಿ ಸದಾ ದುಡಿಸುವ ಭಾಗಗಳು. ಅವುಗಳಲ್ಲಿ ಕೊಲಾಜನ್ ಎಂಬ ಗಟ್ಟಿ ಜೋಡಣಾ ಅಂಶ ಹೆಚ್ಚು. ಸುಮಾರು 70 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ ಅದು ನಿಧಾನವಾಗಿ ಕರಗಿ ಜೆಲಟಿನ್ ಆಗುತ್ತದೆ. ತುಟಿಗೆ ಅಂಟುವಂಥ ಗ್ರೇವಿ, ಚಮಚಕ್ಕೇ ಮುರಿಯುವ ತುಂಡು ಬರುವುದು ಇದರಿಂದ. ಸರ್ಲಾಯಿನ್, ರೌಂಡ್ ಮುಂತಾದ ಕೊಬ್ಬಿಲ್ಲದ ಭಾಗಗಳನ್ನು ಹಾಕಿದರೆ ಎಷ್ಟು ಹೊತ್ತು ಬೇಯಿಸಿದರೂ ಒಣಗಿ ನಾರಾಗುತ್ತವೆ.

ಸೂಪರ್‌ಮಾರ್ಕೆಟ್‌ನಲ್ಲಿ ‘ಸ್ಟ್ಯೂ ಮೀಟ್’ ಎಂದು ಕತ್ತರಿಸಿಟ್ಟಿರುವ ಪೊಟ್ಟಣವನ್ನು ಬಿಡಿ. ಅದರಲ್ಲಿ ಬೇರೆ ಬೇರೆ ಭಾಗದ ಚೂರುಗಳು ಬೆರೆತಿರುವುದು ಸಾಮಾನ್ಯ. ಒಂದು ಬೆಂದರೆ ಇನ್ನೊಂದು ಬೆಂದಿರುವುದಿಲ್ಲ. ಇಡೀ ಚಕ್ ರೋಸ್ಟ್ ತಂದು ನೀವೇ ಕತ್ತರಿಸಿ. ಬೆಳ್ಳಗಿನ ದಪ್ಪ ಕೊಬ್ಬಿನ ಗಡ್ಡೆ ಮತ್ತು ಹೊಳೆಯುವ ಗಟ್ಟಿ ಪೊರೆಯನ್ನು ಮಾತ್ರ ತೆಗೆಯಿರಿ. ಮಾಂಸದೊಳಗೆ ಗೆರೆಗೆರೆಯಾಗಿ ಹರಡಿರುವ ಕೊಬ್ಬು ಹಾಗೇ ಇರಲಿ. ತುಂಡು ಎರಡೂವರೆ ಸೆಂಟಿಮೀಟರ್ ಇರಲಿ. ಬೇಯುವಾಗ ಕುಗ್ಗುವುದರಿಂದ ಇದಕ್ಕಿಂತ ಚಿಕ್ಕದು ಮಾಡಿದರೆ ಕೊನೆಗೆ ಬಟ್ಟಲಲ್ಲಿ ಹುಡುಕಬೇಕಾಗುತ್ತದೆ.

ಕರ್ನಾಟಕದಲ್ಲಿ ಓದುತ್ತಿರುವವರಿಗೆ: ಜಾನುವಾರು ಹತ್ಯೆ ತಡೆಗೆ 2020ರಲ್ಲಿ ಮಾಡಿದ ರಾಜ್ಯದ ಕಾಯ್ದೆಯಲ್ಲಿ ವಿನಾಯಿತಿ ಇರುವುದು 13 ವರ್ಷ ಮೀರಿದ ಎಮ್ಮೆ, ಕೋಣಗಳಿಗೆ ಮಾತ್ರ. ಆ ವಯಸ್ಸಿನ ಮಾಂಸ ಗಟ್ಟಿ, ಕೊಬ್ಬೂ ಕಡಿಮೆ. ಅದಕ್ಕೆ ಪ್ರೆಶರ್ ಕುಕ್ಕರ್ ಬೇಕೇ ಬೇಕು, ಎಣ್ಣೆಯನ್ನೂ ಒಂದು ದೊಡ್ಡ ಚಮಚ ಹೆಚ್ಚು ಹಾಕಬೇಕು. ಕುರಿಯ ಮುಂಗಾಲು ಮತ್ತು ಹೆಗಲಿನ ಮಾಂಸದಲ್ಲೂ ಇದೇ ಮಸಾಲೆ ಚೆನ್ನಾಗಿ ಹೊಂದುತ್ತದೆ.

ಮೆಣಸಿನಕಾಯಿ

ಆಂಚೊ ಎಂದರೆ ಹಣ್ಣಾದ ಪೊಬ್ಲಾನೊ ಮೆಣಸಿನಕಾಯಿಯನ್ನು ಒಣಗಿಸಿದ್ದು. ಅಗಲ, ಕಪ್ಪುಗೆಂಪು, ಖಾರ ತೀರ ಕಡಿಮೆ, ಒಣದ್ರಾಕ್ಷಿಯ ಸಿಹಿ ಇರುತ್ತದೆ. ತಿರುಳು ದಪ್ಪವಾದ್ದರಿಂದ ಗ್ರೇವಿಗೆ ಮೈ ಕೊಡುವುದು ಇದೇ. ಗ್ವಹೀಯೊ ಉದ್ದ, ನುಣುಪು ಸಿಪ್ಪೆಯದು, ಕೆಂಪು ಬಣ್ಣ ಮತ್ತು ತುಸು ಹುಳಿ ಕೊಡುತ್ತದೆ. ಅರ್ಬೋಲ್ ಸಣ್ಣದು, ಅದು ಖಾರಕ್ಕೆ. ಅಮೆರಿಕದಲ್ಲಿ ಇವೆಲ್ಲ ಯಾವುದೇ ಮೆಕ್ಸಿಕನ್ ದಿನಸಿ ಅಂಗಡಿಯಲ್ಲಿ ಸಿಗುತ್ತವೆ. ಬಗ್ಗಿಸಿದರೆ ಬಾಗಬೇಕು. ಮುಟ್ಟಿದ ಕೂಡಲೇ ಪುಡಿಯಾದರೆ ಹಳೆಯ ಸರಕು.

ಊರಿನಲ್ಲಿ ಇವು ಸಿಗದಿದ್ದರೆ ಹಾವೇರಿ ಜಿಲ್ಲೆಯ ಬ್ಯಾಡಗಿ ಇದೆ. ಬಣ್ಣಕ್ಕೆ ಬ್ಯಾಡಗಿ, ಖಾರಕ್ಕೆ ಗುಂಟೂರು ಎಂಬ ನಮ್ಮ ಅಡುಗೆಮನೆಯ ಲೆಕ್ಕವೇ ಇಲ್ಲೂ ನಡೆಯುತ್ತದೆ. ಬೀಜ ತೆಗೆದ ಬ್ಯಾಡಗಿ 35 ಗ್ರಾಂ, ಗುಂಟೂರು 2 ಕಾಯಿ ತೆಗೆದುಕೊಳ್ಳಿ. ಆದರೆ ಆಂಚೊಗಿಂತ ಬ್ಯಾಡಗಿಗೆ ಖಾರ ಹೆಚ್ಚು, ತಿರುಳು ತೆಳು, ಸಿಹಿ ಕಡಿಮೆ. ಅದನ್ನು ಸರಿದೂಗಿಸಲು ಒಂದು ದೊಡ್ಡ ಚಮಚ ಒಣದ್ರಾಕ್ಷಿಯನ್ನು ಕಾಯಿಯ ಜೊತೆಗೇ ನೆನೆಸಿ ಅರೆಯಿರಿ, ಒಂದು ದೊಡ್ಡ ಚಮಚ ಟೊಮೆಟೊ ಪೇಸ್ಟ್ ಸೇರಿಸಿ. ರುಚಿ ಪೂರಾ ಅದೇ ಆಗುವುದಿಲ್ಲ, ಆದರೆ ಒಳ್ಳೆಯ ಚಿಲಿ ಆಗುತ್ತದೆ.

ಒರೆಗಾನೊ ವಿಷಯದಲ್ಲೂ ಒಂದು ಮಾತು. ಪಿಜ್ಜಾದ ಮೇಲೆ ಉದುರಿಸುವ ಒರೆಗಾನೊ ಪುದೀನ ಕುಟುಂಬದ ಗಿಡ, ಮೆಕ್ಸಿಕನ್ ಒರೆಗಾನೊ ಬೇರೆ ಕುಟುಂಬದ್ದು, ಅದರಲ್ಲಿ ನಿಂಬೆಸಿಪ್ಪೆಯ ಘಮ ಇರುತ್ತದೆ. ಪಿಜ್ಜಾದ್ದೇ ಇರುವುದಾದರೆ ಅರ್ಧ ಪ್ರಮಾಣ ಹಾಕಿ. ಅದಕ್ಕೆ ಬದಲು ಓಮ ಹಾಕಬೇಡಿ, ಇಡೀ ಪಾತ್ರೆ ಓಮದ ಕಷಾಯದಂತೆ ನಾರುತ್ತದೆ.

ಮಾಡುವ ಕ್ರಮ

1. ಮಾಂಸದ ತುಂಡುಗಳಿಗೆ 2 ಟೀ ಚಮಚ ಉಪ್ಪು ಸವರಿ, ಕನಿಷ್ಠ 45 ನಿಮಿಷ ಇಡಿ. ರಾತ್ರಿಯೇ ಸವರಿ, ಫ್ರಿಜ್‌ನಲ್ಲಿ ಮುಚ್ಚದೆ ಇಟ್ಟರೆ ಇನ್ನೂ ಒಳ್ಳೆಯದು: ಉಪ್ಪು ಒಳಗಿಳಿಯುತ್ತದೆ, ಮೇಲ್ಮೈ ಒಣಗುತ್ತದೆ.

2. ಮೆಣಸಿನಕಾಯಿಯ ತೊಟ್ಟು ಮುರಿದು, ಸೀಳಿ, ಬೀಜ ಮತ್ತು ಒಳಗಿನ ಬಿಳಿ ನಾರು ತೆಗೆಯಿರಿ. ಒಣ ಬಾಣಲೆಯನ್ನು ಮಧ್ಯಮ ಉರಿಯಲ್ಲಿ ಕಾಯಿಸಿ, ಕಾಯಿಗಳನ್ನು ಹರಡಿ, ಸೌಟಿನಿಂದ ಒತ್ತಿ ಹಿಡಿದು ಒಂದೊಂದು ಬದಿ 15ರಿಂದ 20 ಸೆಕೆಂಡು ಹುರಿಯಿರಿ. ಸಿಪ್ಪೆ ಅಲ್ಲಲ್ಲಿ ಉಬ್ಬಿ, ಬಣ್ಣ ತುಸು ತಿಳಿಯಾಗಿ, ಹುರಿದ ಘಮ ಬಂದ ಕೂಡಲೇ ತೆಗೆಯಬೇಕು. ಮೂಗಿಗೆ ಘಾಟು ಹೊಡೆದು ಕೆಮ್ಮು ಬಂತೆಂದರೆ ಕಾಯಿ ಸೀಯತೊಡಗಿದೆ. ಕಪ್ಪಾದ ಕಾಯಿಯನ್ನು ಮರುಮಾತಿಲ್ಲದೆ ಎಸೆಯಿರಿ, ಆ ಕಹಿ ಕೊನೆಯವರೆಗೂ ಹೋಗದು. ಅರ್ಬೋಲ್, ಗುಂಟೂರು ಸಣ್ಣವಾದ್ದರಿಂದ ಬೇಗ ಸೀಯುತ್ತವೆ. ಅವನ್ನು ಕೊನೆಗೆ, ಬಾಣಲೆ ಇಳಿಸಿದ ಮೇಲೆ ಆ ಕಾವಿನಲ್ಲೇ ಹುರಿಯಿರಿ.

3. ಹುರಿದ ಕಾಯಿಗಳ ಮೇಲೆ 3 ಕಪ್ ಬಿಸಿನೀರು ಸುರಿದು, ತಟ್ಟೆ ಮುಚ್ಚಿ, 30 ನಿಮಿಷ ನೆನೆಸಿ. ನೆನೆದ ನೀರನ್ನು ಒಂದು ಚಮಚ ರುಚಿ ನೋಡಿ. ಕಹಿ ಇಲ್ಲದಿದ್ದರೆ ಅದರಲ್ಲೇ ಒಂದು ಕಪ್ ಹಾಕಿ ಅರೆಯಿರಿ, ಕಹಿಯಿದ್ದರೆ ಚೆಲ್ಲಿ ಬೇರೆ ನೀರು ಬಳಸಿ. ಮಿಕ್ಸಿಯಲ್ಲಿ ಪೂರಾ ಎರಡು ನಿಮಿಷ ನುಣ್ಣಗೆ ಅರೆಯಬೇಕು, ಮಸಾಲೆ ದೋಸೆ ಹಿಟ್ಟಿನ ಹದಕ್ಕೆ ಬರಬೇಕು. ಗ್ವಹೀಯೊ ಮತ್ತು ಬ್ಯಾಡಗಿಯ ಸಿಪ್ಪೆ ಎಷ್ಟು ಅರೆದರೂ ಚೂರು ಉಳಿಯುತ್ತದೆ. ಜರಡಿಯಲ್ಲಿ ಸೌಟಿನಿಂದ ಒತ್ತಿ ಸೋಸಿಬಿಡಿ.

4. ದಪ್ಪ ತಳದ ಪಾತ್ರೆಯಲ್ಲಿ ಎರಡು ದೊಡ್ಡ ಚಮಚ ಎಣ್ಣೆ ಚೆನ್ನಾಗಿ ಕಾಯಲಿ. ಮಾಂಸವನ್ನು ಕಾಗದದಿಂದ ಒತ್ತಿ ಒಣಗಿಸಿ. ಒಂದು ಸಲಕ್ಕೆ ಮೂರನೇ ಒಂದು ಭಾಗ ಮಾತ್ರ ಹಾಕಿ, ತುಂಡುಗಳ ನಡುವೆ ಬೆರಳಗಲ ಜಾಗವಿರಲಿ. ಹಾಕಿದ ಮೇಲೆ ಮೂರು ನಾಲ್ಕು ನಿಮಿಷ ಕೈ ಹಚ್ಚಬೇಡಿ. ಬೇಗ ಆಗಲೆಂದು ಎಲ್ಲ ಒಮ್ಮೆಲೇ ಸುರಿದರೆ ಮಾಂಸ ನೀರು ಬಿಟ್ಟು, ಪಾತ್ರೆಯ ಬಿಸಿ ಇಳಿದು, ಬೂದು ಬಣ್ಣಕ್ಕೆ ತಿರುಗಿ ಬೇಯತೊಡಗುತ್ತದೆ. ಕಂದುಗಟ್ಟಬೇಕಾದರೆ ಮೇಲ್ಮೈಯ ಬಿಸಿ 140 ಡಿಗ್ರಿ ದಾಟಬೇಕು, ನೀರು ನಿಂತಿರುವಷ್ಟು ಹೊತ್ತೂ ಅದು 100 ದಾಟುವುದಿಲ್ಲ. ಎಲ್ಲ ಬದಿಯೂ ಕಂದಾಗಬೇಕಿಲ್ಲ. ಎರಡು ಬದಿ ಗಾಢವಾಗಿ ಕಂದಿದರೆ ಸಾಕು, ಉಳಿದ ಬದಿಗಳು ಮೆದುವಾಗೇ ಇರಲಿ. ತಳಕ್ಕೆ ಅಂಟಿದ ಕಂದು ಪದರವನ್ನು ಜೋಪಾನ ಮಾಡಿ. ಅದು ಕಪ್ಪಾಗುವಂತಿದ್ದರೆ ಎರಡು ಚಮಚ ನೀರು ಹಾಕಿ ಕೆರೆದು, ಆ ರಸವನ್ನು ಮಾಂಸದ ಬಟ್ಟಲಿಗೆ ಸುರಿದು, ಮುಂದಿನ ಕಂತಿಗೆ ಹೊಸ ಎಣ್ಣೆ ಹಾಕಿ.

5. ಮಾಂಸ ತೆಗೆದಿಟ್ಟು ಉರಿ ಇಳಿಸಿ. ಸಣ್ಣಗೆ ಹೆಚ್ಚಿದ ಈರುಳ್ಳಿ ಹಾಕಿ ಏಳೆಂಟು ನಿಮಿಷ ಬಾಡಿಸಿ, ಈರುಳ್ಳಿ ಬಿಡುವ ನೀರಿನಲ್ಲೇ ತಳದ ಪದರ ಬಿಟ್ಟುಕೊಳ್ಳುತ್ತದೆ. ಜಜ್ಜಿದ ಬೆಳ್ಳುಳ್ಳಿ, ಜೀರಿಗೆ ಪುಡಿ, ಅಂಗೈಯಲ್ಲಿ ಉಜ್ಜಿದ ಒರೆಗಾನೊ ಹಾಕಿ ಅರ್ಧ ನಿಮಿಷ ಕೈಯಾಡಿಸಿ.

6. ಅರೆದ ಮಸಾಲೆ ಸುರಿದು ನಾಲ್ಕೈದು ನಿಮಿಷ ಹುರಿಯಿರಿ. ಹಸಿ ವಾಸನೆ ಹೋಗಿ, ಬಣ್ಣ ಇಟ್ಟಿಗೆಗೆಂಪಿಗೆ ತಿರುಗಿ, ಅಂಚಿನಲ್ಲಿ ಎಣ್ಣೆ ಕಾಣಬೇಕು. ಈ ಹಂತವನ್ನು ಅಮೆರಿಕದ ಎಷ್ಟೋ ಪಾಕವಿಧಾನಗಳು ಬಿಟ್ಟೇಬಿಡುತ್ತವೆ. ನೀವು ಬಿಡಬೇಡಿ. ಹುರಿಯದ ಮಸಾಲೆ ಎರಡು ಗಂಟೆ ಬೆಂದರೂ ಸಪ್ಪೆ ಹಸಿತನ ಉಳಿಸಿಕೊಳ್ಳುತ್ತದೆ. ಮಸಾಲೆ ಸಿಡಿಯುವುದರಿಂದ ಉದ್ದ ಹಿಡಿಕೆಯ ಸೌಟು ಹಿಡಿಯಿರಿ.

7. ಮಾಂಸವನ್ನೂ ಅದರಿಂದಿಳಿದ ರಸವನ್ನೂ ಮರಳಿ ಹಾಕಿ. 3 ಕಪ್ ಸ್ಟಾಕ್ ಸೇರಿಸಿ. ಸ್ಟಾಕ್ ಉಪ್ಪಿಲ್ಲದ್ದೇ ಆಗಬೇಕು, ಏಕೆಂದರೆ ಗ್ರೇವಿ ಇಂಗಿದಂತೆ ಉಪ್ಪು ಏರುತ್ತದೆ. ಒಂದು ಕುದಿ ಬಂದ ಮೇಲೆ ಉರಿ ಇಳಿಸಿ, ಮುಚ್ಚಳ ಓರೆಯಾಗಿಟ್ಟು, ಎರಡರಿಂದ ಎರಡೂವರೆ ಗಂಟೆ ಬೇಯಿಸಿ. 20 ನಿಮಿಷಕ್ಕೊಮ್ಮೆ ತಳ ಕೆರೆದು ತಿರುವಿ.

ಇಲ್ಲಿ ಉರಿಯೇ ಮುಖ್ಯ. ಮೇಲ್ಮೈಯಲ್ಲಿ ಒಂದೊಂದೇ ಗುಳ್ಳೆ ಎದ್ದು ಒಡೆಯುತ್ತಿರಬೇಕು. ಕೊತಕೊತ ಕುದಿಸಿದರೆ ಸ್ನಾಯುವಿನ ಎಳೆಗಳು ಬಿಗಿದುಕೊಂಡು ಒಳಗಿನ ರಸ ಹಿಂಡಿ ಹೊರಹಾಕುತ್ತವೆ, ಮಾಂಸ ಗ್ರೇವಿಯಲ್ಲಿ ಮುಳುಗಿದ್ದರೂ ಬಾಯಲ್ಲಿ ಒಣಗಿದಂತಿರುತ್ತದೆ. ಓವನ್ ಇದ್ದವರು ಪಾತ್ರೆಯನ್ನು 150 ಡಿಗ್ರಿ ಸೆಲ್ಸಿಯಸ್ ಓವನ್‌ನೊಳಗೆ ಇಟ್ಟುಬಿಡಿ. ಶಾಖ ಎಲ್ಲ ಕಡೆಯಿಂದ ಬರುವುದರಿಂದ ತಳ ಹಿಡಿಯುವ ಭಯ ಕಡಿಮೆ. ನಮ್ಮ ಮಟ್ಟಿಗೆ ಇದೇ ಎಲ್ಲಕ್ಕಿಂತ ಒಳ್ಳೆಯ ವಿಧಾನ. ಡೆನ್ವರ್‌ನಂಥ 1,600 ಮೀಟರ್ ಎತ್ತರದ ಊರುಗಳಲ್ಲಿ ನೀರು ಸುಮಾರು 95 ಡಿಗ್ರಿಗೇ ಕುದಿಯುವುದರಿಂದ ಒಲೆಯ ಮೇಲೆ ಇನ್ನೊಂದು ಅರ್ಧ ಗಂಟೆ ಹೆಚ್ಚು ಹಿಡಿಯಬಹುದು.

8. ಎರಡು ಗಂಟೆಯ ಮೇಲೆ ಒಂದು ತುಂಡು ತೆಗೆದು ಚಮಚದ ಅಂಚಿನಿಂದ ಒತ್ತಿ ನೋಡಿ. ರಬ್ಬರಿನಂತೆ ಪುಟಿದರೆ ಬೆಂದಿಲ್ಲ, ಇನ್ನೂ 20 ನಿಮಿಷ ಬೇಕು. ಒತ್ತಿದರೆ ಬಿರಿಯಬೇಕು, ಆದರೆ ತಾನಾಗಿ ಎಳೆಎಳೆಯಾಗಿ ಬಿಚ್ಚಬಾರದು.

9. ಮಾಸಾ ಹರೀನಾವನ್ನು ಅರ್ಧ ಕಪ್ ತಣ್ಣೀರಿನಲ್ಲಿ ಗಂಟಿಲ್ಲದಂತೆ ಕದಡಿ ಸುರಿದು, ಮುಚ್ಚಳ ತೆಗೆದು 20 ನಿಮಿಷ ಬೇಯಿಸಿ. ಇದು ಮೆಕ್ಕೆಜೋಳವನ್ನು ಸುಣ್ಣದ ನೀರಿನಲ್ಲಿ ಬೇಯಿಸಿ ಬೀಸಿದ ಹಿಟ್ಟು, ಗ್ರೇವಿಯನ್ನು ಗಟ್ಟಿ ಮಾಡುವುದರ ಜೊತೆಗೆ ಟಾರ್ಟಿಯಾದ (ಮೆಕ್ಸಿಕನ್ ಮೆಕ್ಕೆಜೋಳದ ರೊಟ್ಟಿ) ಘಮ ಕೊಡುತ್ತದೆ. ಸಿಗದಿದ್ದರೆ ಸಾದಾ ಮೆಕ್ಕೆಜೋಳದ ಹಿಟ್ಟನ್ನು ಘಮ್ಮೆನ್ನುವಂತೆ ಹುರಿದು ಬಳಸಿ. ಬೆಳ್ಳಗಿನ ಕಾರ್ನ್‌ಫ್ಲೋರ್ ಬೇಡ, ಅದು ಗ್ರೇವಿಯನ್ನು ಲೋಳೆ ಮಾಡುತ್ತದೆ.

10. ಉರಿ ಆರಿಸಿ, ನಿಂಬೆರಸ ಮತ್ತು ಬೆಲ್ಲ ಹಾಕಿ, ಉಪ್ಪು ನೋಡಿ. ಹತ್ತು ಹದಿನೈದು ನಿಮಿಷ ಹಾಗೇ ಬಿಟ್ಟು ಬಡಿಸಿ.

ಪ್ರೆಶರ್ ಕುಕ್ಕರ್‌ನಲ್ಲಿ ಮಾಡುವವರಿಗೆ

ಆರನೇ ಹಂತದವರೆಗೆ ಎಲ್ಲವೂ ಅದೇ. ಆವಿಯಾಗಿ ಹೋಗುವುದು ಕಡಿಮೆಯಾದ್ದರಿಂದ ಸ್ಟಾಕ್ ಒಂದೂವರೆ ಕಪ್ ಸಾಕು. ಎಲೆಕ್ಟ್ರಿಕ್ ಕುಕ್ಕರ್‌ನಲ್ಲಿ ಚಕ್ ಮಾಂಸಕ್ಕೆ ಪೂರ್ಣ ಒತ್ತಡದಲ್ಲಿ 35 ನಿಮಿಷ ಕೊಟ್ಟು, ಒತ್ತಡ ತಾನಾಗಿ ಇಳಿಯಲು ಬಿಡಿ. ಒಮ್ಮೆಲೇ ಹಬೆ ಬಿಟ್ಟರೆ ಒಳಗೆ ಭರ್ರನೆ ಕುದಿದು ಮಾಂಸ ಗಟ್ಟಿಯಾಗುತ್ತದೆ. ದಟ್ಟ ಮಸಾಲೆ ತಳ ಹಿಡಿದು ‘ಬರ್ನ್’ ಎಂಬ ಸೂಚನೆ ಬರುವುದು ಇದರ ಮುಖ್ಯ ತೊಂದರೆ. ಅದಕ್ಕೆ ಮಸಾಲೆ ಹುರಿದು ಬಟ್ಟಲಿಗೆ ತೆಗೆದಿಟ್ಟು, ಸ್ಟಾಕ್ ಹಾಕಿ ತಳ ಪೂರಾ ಕೆರೆದು, ಮಾಂಸ ಹಾಕಿ, ಮಸಾಲೆಯನ್ನು ಎಲ್ಲಕ್ಕಿಂತ ಮೇಲೆ ಸುರಿಯಿರಿ. ಕಲಕಬೇಡಿ. ಒಲೆಯ ಕುಕ್ಕರ್‌ನಲ್ಲಿ ಹಳೆ ಎಮ್ಮೆ ಮಾಂಸವಾದರೆ ವಿಷಲ್ ಎಣಿಸುವುದಕ್ಕಿಂತ ಗಡಿಯಾರ ನೋಡುವುದು ಮೇಲು: ಮೊದಲ ವಿಷಲ್ ಆದ ಮೇಲೆ ಸಣ್ಣ ಉರಿಯಲ್ಲಿ 45 ನಿಮಿಷ ಇಟ್ಟು, ತೆರೆದು ನೋಡಿ, ಬೇಕಿದ್ದರೆ ಇನ್ನೂ 15 ನಿಮಿಷ. ಕೊನೆಗೆ ಮುಚ್ಚಳವಿಲ್ಲದೆ ಇಂಗಿಸುವುದನ್ನು ತಪ್ಪಿಸಬೇಡಿ.

ಕಾಳು ಹಾಕಬೇಕೇ?

ಟೆಕ್ಸಸ್‌ನಲ್ಲಿ ಈ ಪ್ರಶ್ನೆಗೆ ಜಗಳವೇ ಆಗುತ್ತದೆ. ಅಲ್ಲಿನ ಟರ್ಲಿಂಗ್ವಾ ಎಂಬ ಪುಟ್ಟ ಊರಿನಲ್ಲಿ 1967ರಲ್ಲಿ ಶುರುವಾದ ಚಿಲಿ ಸ್ಪರ್ಧೆಯ ಪರಂಪರೆಯಲ್ಲಿ ಕಾಳು, ಅನ್ನ, ಪಾಸ್ತಾ ಬೆರೆಸಿದ ಚಿಲಿಗೆ ಪ್ರವೇಶವಿಲ್ಲ. ಮನೆಯಲ್ಲಿ ಈ ಕಟ್ಟುಪಾಡಿಲ್ಲ, ಆದರೂ ಕಾಳನ್ನು ಬೇರೆಯಾಗಿ ಬೇಯಿಸಿ ಕೊನೆಗೆ ಸೇರಿಸುವುದೇ ಸರಿ. ಹುಳಿಯಿರುವ ಗ್ರೇವಿಯಲ್ಲಿ ಹಸಿ ಕಾಳು ಮೆತ್ತಗಾಗುವುದಿಲ್ಲ.

ರಾಜ್ಮಾ ಬಳಸುವವರು ಒಂದನ್ನು ಖಂಡಿತ ಗಮನಿಸಿ. ಹಸಿ ರಾಜ್ಮಾದಲ್ಲಿ ಫೈಟೋಹೀಮಗ್ಲುಟಿನಿನ್ ಎಂಬ ವಿಷಾಂಶವಿರುತ್ತದೆ, ಅರೆಬೆಂದ ಕೆಲವೇ ಕಾಳು ತಿಂದರೂ ವಾಂತಿ ಭೇದಿ ಆಗಬಹುದು. ಕನಿಷ್ಠ 5 ಗಂಟೆ ನೆನೆಸಿ, ಆ ನೀರು ಚೆಲ್ಲಿ, ಹೊಸ ನೀರಿನಲ್ಲಿ 30 ನಿಮಿಷ ಭರ್ತಿ ಕುದಿಸಿ, ಆಮೇಲೆ ಮೆತ್ತಗಾಗುವವರೆಗೆ ಬೇಯಿಸಬೇಕು. ಸ್ಲೋ ಕುಕ್ಕರ್‌ಗೆ ಹಸಿ ರಾಜ್ಮಾ ಹಾಕಲೇಬೇಡಿ, ಅದರ ಮಂದ ಶಾಖಕ್ಕೆ ಆ ಅಂಶ ನಾಶವಾಗುವುದಿಲ್ಲ. ಡಬ್ಬಿಯ ರಾಜ್ಮಾ ಮೊದಲೇ ಬೆಂದಿರುವುದರಿಂದ ಈ ಚಿಂತೆ ಇಲ್ಲ, ತೊಳೆದು ಕೊನೆಯ 20 ನಿಮಿಷಕ್ಕೆ ಸೇರಿಸಿ.

ಕೆಟ್ಟರೆ ಏನು ಮಾಡಬಹುದು

ಖಾರ ಮಿತಿಮೀರಿದರೆ ನೀರು ಸುರಿಯಬೇಡಿ, ಗ್ರೇವಿ ತೆಳುವಾಗುತ್ತದೆಯೇ ಹೊರತು ನಾಲಿಗೆಯ ಉರಿ ಹೋಗದು. ಬೆಂದ ಕಾಳು ಸೇರಿಸಿ, ಬಡಿಸುವಾಗ ಸೋರ್ ಕ್ರೀಮ್ ಅಥವಾ ಗಟ್ಟಿ ಮೊಸರು ಕೊಡಿ. ಖಾರದ ಅಂಶ ಕೊಬ್ಬಿನಲ್ಲಿ ಕರಗುವುದರಿಂದ ಮೇಲೆ ತೇಲುವ ಕೆಂಪೆಣ್ಣೆಯನ್ನು ಸೌಟಿನಿಂದ ತೆಗೆದರೂ ಸ್ವಲ್ಪ ತಗ್ಗುತ್ತದೆ.

ಸಣ್ಣ ಕಹಿಯಿದ್ದರೆ ಬೆಲ್ಲ, ಉಪ್ಪು ತುಸು ಏರಿಸಿ ನೋಡಿ. ಕಹಿ ಜೋರಾಗಿದ್ದರೆ ಮೆಣಸಿನಕಾಯಿಯೋ ತಳವೋ ಸೀದಿದೆ. ತಳ ಸೀದಿದ್ದರೆ ಕೆರೆಯದೆ, ಮೇಲಿನದನ್ನಷ್ಟೇ ಬೇರೆ ಪಾತ್ರೆಗೆ ಬಗ್ಗಿಸಿಕೊಳ್ಳಿ. ಎಲ್ಲ ಸರಿಯಿದ್ದೂ ರುಚಿ ಮಂಕಾಗಿದ್ದರೆ ಜೀರಿಗೆ, ಖಾರ ಹೆಚ್ಚಿಸುವ ಬದಲು ಮೊದಲು ಉಪ್ಪು, ಆಮೇಲೆ ನಿಂಬೆರಸ ಹಾಕಿ. ಹೆಚ್ಚಿನ ಸಲ ಕೊರತೆ ಇರುವುದು ಹುಳಿಯದೇ.

ಖೀಮಾದಲ್ಲಿ ಮಾಡುವುದಾದರೆ ಶೇಕಡಾ 20ರಷ್ಟು ಕೊಬ್ಬಿರುವುದನ್ನು, ಸಾಧ್ಯವಾದರೆ ದಪ್ಪಗೆ ಬೀಸಿದ್ದನ್ನು ತನ್ನಿ. ಹಾಕಿದ ಕೂಡಲೇ ಪುಡಿ ಮಾಡದೆ, ದಪ್ಪ ಹಾಸಿನಂತೆ ಒತ್ತಿ ಒಂದು ಬದಿ ಕಂದಾದ ಮೇಲೆ ಒಡೆಯಿರಿ. ಒಂದು ಗಂಟೆ ಬೆಂದರೆ ಸಾಕು.

ಬಡಿಸುವುದು, ಇಡುವುದು

ಹಸಿ ಈರುಳ್ಳಿ ಚೂರು, ತುರಿದ ಚೆಡ್ಡರ್ ಚೀಸ್, ಉಪ್ಪಿನ ಕ್ರ್ಯಾಕರ್ ಬಿಸ್ಕತ್ತು ಅಥವಾ ಕಾರ್ನ್‌ಬ್ರೆಡ್ ಜೊತೆ ಬಡಿಸುವುದು ಅಲ್ಲಿನ ರೂಢಿ. ಬಿಸಿ ಜೋಳದ ರೊಟ್ಟಿಗೂ ಇದು ಸೊಗಸಾಗಿ ಹೊಂದುತ್ತದೆ.

ಮಾಡಿದ ಮರುದಿನ ರುಚಿ ಇನ್ನೂ ಕೂಡಿಬರುತ್ತದೆ. ಆದರೆ ಇಡೀ ಪಾತ್ರೆಯನ್ನು ರಾತ್ರಿಯಿಡೀ ಒಲೆಯ ಮೇಲೆ ಬಿಡಬಾರದು. ದಟ್ಟ ಗ್ರೇವಿಯ ನಡುಭಾಗ ಬಹಳ ಹೊತ್ತು ಬೆಚ್ಚಗೇ ಇದ್ದು ಅಲ್ಲಿ ಬ್ಯಾಕ್ಟೀರಿಯಾ ಬೆಳೆಯುತ್ತದೆ. ಎರಡು ಗಂಟೆಯೊಳಗೆ ಆಳವಿಲ್ಲದ ಡಬ್ಬಿಗಳಿಗೆ ಹಂಚಿ ಫ್ರಿಜ್‌ಗೆ ಇಡಿ. ಮೂರು ನಾಲ್ಕು ದಿನ ಇರುತ್ತದೆ, ಫ್ರೀಜರ್‌ನಲ್ಲಿ ಎರಡು ಮೂರು ತಿಂಗಳು ರುಚಿ ಕೆಡುವುದಿಲ್ಲ. ತಣ್ಣಗಾದಾಗ ಗ್ರೇವಿ ಜೆಲ್ಲಿಯಂತೆ ಗಟ್ಟಿಕಟ್ಟಿ, ಕೆಂಪು ಕೊಬ್ಬು ಮೇಲೆ ಹೆಪ್ಪುಗಟ್ಟಿರುತ್ತದೆ. ಅದರಲ್ಲಿ ಅರ್ಧ ತೆಗೆದು ಉಳಿದದ್ದನ್ನು ಬಿಡಿ, ಬಣ್ಣವೂ ಘಮವೂ ಅದರಲ್ಲೇ ಇದೆ. ಕಾಲು ಕಪ್ ನೀರು ಸೇರಿಸಿ, ಸಣ್ಣ ಉರಿಯಲ್ಲಿ ತಳದಿಂದ ತಿರುವುತ್ತಾ, ಎಲ್ಲೆಡೆ ಹಬೆಯಾಡಿ ಕುದಿ ಬರುವವರೆಗೆ ಬಿಸಿ ಮಾಡಿ.